ಗಾಳಿಗೆ ಬಿದ್ದ ಕಾಯಿ

2019ರ ನಾಗರಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು, ಸೋಮವಾರ. ನಮ್ಮ ಕಡೆ ಪಂಚಮಿ ಎಂದರೆ ಉಂಡಿ ಮತ್ತು ಜೋಕಾಲಿ. ಉಂಡಿ ಕಟ್ಟಿಟ್ಟಿದ್ದೆ. ಶೇಂಗಾದ್ದು, ಎಳ್ಳಿನದು, ರವೆಯದು, ಮೇಲೆ ಒಂದಿಷ್ಟು ಅಳ್ಳಿಟ್ಟು. ಜೋಕಾಲಿಯ ಹಗ್ಗ ಮಾತ್ರ ಅಟ್ಟದಿಂದ ಇಳಿಯಲಿಲ್ಲ. ಹಿತ್ತಲಿನ ಮಾವಿನ ಗಿಡದ ಬಡಗಣ ಟೊಂಗೆಗೆ ಪ್ರತಿ ವರ್ಷ ಕಟ್ಟುವ ಜೋಕಾಲಿ ಅದು. ಹಗ್ಗ ಉಜ್ಜಿ ಉಜ್ಜಿ ಟೊಂಗೆಯ ತೊಗಟೆಯಲ್ಲಿ ಎರಡು ಬಳೆಯ ಗುರುತು ಮೂಡಿತ್ತು. ಆ ವರ್ಷ ಮಳೆ ಬಿಟ್ಟರೆ ತಾನೆ? ಟಿ.ವಿ.ಯಲ್ಲಿ ಬೆಳಗಿನಿಂದ ಕಾಶ್ಮೀರದ ಸುದ್ದಿ, ಹೊರಗೆ ಆಶ್ಲೇಷಾ ಮಳೆ. ಧಾರವಾಡದ ಶ್ರಾವಣದ ಜಿಟಿಜಿಟಿ ಗೊತ್ತಿದ್ದವರಿಗೆ ಇದು ಬೇರೆ ಎಂದು ಮೊದಲ ದಿನವೇ ತಿಳಿದಿತ್ತು. ಹನಿ ದಪ್ಪ, ಪಡುವಣ ಗಾಳಿಗೆ ಬಿಡುವಿಲ್ಲ. ಅಂಗಳದಲ್ಲಿ ಕಾಲಿಟ್ಟರೆ ನೆಲ ಜಗ್ಗುತ್ತಿತ್ತು.

ಮರುದಿನ ರಾತ್ರಿ ಗಿಡ ಬಿತ್ತು. ದೊಡ್ಡ ಗಿಡ ಬಿದ್ದರೆ ಧಡಾರನೆ ಸಪ್ಪಳವಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮೊದಲು ಒದ್ದೆ ಗೋಣಿಚೀಲವನ್ನು ಯಾರೋ ನಿಧಾನಕ್ಕೆ ಹರಿಯುತ್ತಿದ್ದ ಹಾಗೆ ಕೇಳಿಸಿತು. ಆಮೇಲೆ ಮಂಚ ಒಮ್ಮೆ ನಡುಗಿತು. ಕೊನೆಗೆ ಬಚ್ಚಲುಮನೆಯ ಹಂಚು ಒಂದೊಂದೇ ಒಡೆಯುವ ಸದ್ದು. ಕರೆಂಟ್ ಇರಲಿಲ್ಲ. ನಮ್ಮ ಮನೆಯವರು ಬ್ಯಾಟರಿ ಹಿಡಿದು ಹಿತ್ತಲ ಬಾಗಿಲು ತೆಗೆದರೆ ಬಾಗಿಲ ತುಂಬ ಎಲೆ. ಹಿತ್ತಲೇ ಮನೆಯೊಳಗೆ ಬರಲು ನಿಂತ ಹಾಗಿತ್ತು.

ಇಲ್ಲೊಂದು ಮಾತು. ಬೆಂಗಳೂರಿನ ಕಡೆಯವರು ನಗುತ್ತಾರೆ, ಆದರೆ ನಮ್ಮಲ್ಲಿ ಮರ ಎನ್ನುವುದು ಪುಸ್ತಕದಲ್ಲಿ ಮಾತ್ರ. ಗೇಣುದ್ದದ ತುಳಸಿಯೂ ಗಿಡ, ನಲವತ್ತು ಫೂಟಿನ ಮಾವೂ ಗಿಡ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ‘ಮರ’ ಎಂದು ಬರೆಸಿ ಮನೆಗೆ ಬಂದು ‘ಗಿಡ’ ಎಂದವಳು ನಾನು. ಇಲ್ಲಿಯೂ ಗಿಡ ಎಂದೇ ಬರೆಯುತ್ತೇನೆ.

ಬೆಳಗಾದ ಮೇಲೆ ಲೆಕ್ಕ ಸಿಕ್ಕಿತು. ಆಪೂಸಿನ ಗಿಡ ಬೇರು ಸಹಿತ ಮಲಗಿತ್ತು. ಬೀಳುವಾಗ ಪಾರಿಜಾತವನ್ನು ನಡುವಿಗೇ ಸೀಳಿತ್ತು, ಪೇರಲವನ್ನು ಮೊಣಕಾಲೆತ್ತರಕ್ಕೆ ಮುರಿದಿತ್ತು, ನುಗ್ಗೆಯ ಗುರುತೂ ಇರಲಿಲ್ಲ. ಮೂರು ವರ್ಷದ ನಿಂಬೆ ಗಿಡ ಒಂದು ಕಡೆ ವಾಲಿ ಅರ್ಧ ಬೇರು ಮೇಲೆ ಮಾಡಿಕೊಂಡಿತ್ತು. ಎಲೆಬಳ್ಳಿ, ಅಬ್ಬಲಿಗೆ, ದೊಡ್ಡಪತ್ರೆ ಎಲ್ಲ ಟೊಂಗೆಗಳ ಅಡಿಗೆ. ಕಂಪೌಂಡಿನ ಗೋಡೆ ಎಂಟು ಫೂಟು ಪಕ್ಕದ ಮನೆಯ ಕಡೆ ಒರಗಿತ್ತು.

ಅಳು ಬಂತು, ಅಳಲು ನಾಚಿಕೆಯೂ ಆಯಿತು. ಅದೇ ವಾರ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಊರಿಗೆ ಊರೇ ನೀರೊಳಗಿದ್ದವು. ನಮ್ಮದೇ ಜಿಲ್ಲೆಯಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಹೊಲಗಳ ಮೇಲೆ ಹರಿದಿದ್ದವು. ಮಣ್ಣಿನ ಗೋಡೆಯ ಮನೆಗಳು ಕುಸಿದು ಜನ ಶಾಲೆಗಳಲ್ಲಿ ಮಲಗಿದ್ದರು. ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಕಳಿಸಿದೆವು. ಎರಡು ದಿನ ಹಿತ್ತಲ ಕಡೆ ನೋಡಲಿಲ್ಲ. ರೊಟ್ಟಿ ಬಡಿಯುವಾಗ ಕಿಟಕಿಯಿಂದ ಬೆಳಕು ಎಷ್ಟು ಬೀಳುತ್ತಿದೆಯಲ್ಲ ಎಂದು ಯಾರೋ ಅಂದರು. ಮೂವತ್ತೈದು ವರ್ಷ ಆ ಅಡಿಗೆಮನೆಯಲ್ಲಿ ಹಗಲೂ ದೀಪ ಹಾಕಿಕೊಂಡೇ ಕೆಲಸ ಮಾಡಿದ್ದೆ.

ಹಿತ್ತಲು ನನ್ನದಾಗಿರಲಿಲ್ಲ. ಅತ್ತೆಯದು. 1984ರಲ್ಲಿ ಮದುವೆಯಾಗಿ ಮಾಳಮಡ್ಡಿಯ ಈ ಮನೆಗೆ ಬಂದಾಗ ಆ ಆಪೂಸು ಆಗಲೇ ಮಾಡಿನ ಮೇಲೆ ಹೋಗಿತ್ತು. ಅತ್ತೆಯ ಹಿತ್ತಲಿಗೆ ಕಾಯಿದೆಗಳಿದ್ದವು. ಹೊತ್ತು ಮುಳುಗಿದ ಮೇಲೆ ಹೂ ಕೀಳಬಾರದು. ಎಲೆಬಳ್ಳಿಯನ್ನು ಮುಟ್ಟಿನ ದಿನ ಮುಟ್ಟಬಾರದು (ಇದನ್ನು ನಾನು ಮೊದಲ ವರ್ಷದಿಂದಲೇ ಗುಟ್ಟಾಗಿ ಮುರಿದೆ, ಬಳ್ಳಿಗೆ ಏನೂ ಆಗಲಿಲ್ಲ). ಎಲ್ಲಕ್ಕಿಂತ ದೊಡ್ಡ ಕಾಯಿದೆ ಉಪ್ಪಿನಕಾಯಿಯದು. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಅಡ್ಡಮಳೆ ಬಂದು ಗಾಳಿ ಎದ್ದಿತೆಂದರೆ ಓಣಿಯ ಹುಡುಗರೆಲ್ಲ ನಮ್ಮ ಹಿತ್ತಲಿಗೆ ನುಗ್ಗುತ್ತಿದ್ದರು. ಬುಟ್ಟಿಗಟ್ಟಲೆ ಕಾಯಿ. ಅತ್ತೆ ಕಟ್ಟೆಯ ಮೇಲೆ ಕೂತು ಹೇಳುವುದು ಒಂದೇ ಮಾತು: “ಭರಣಿ ಮಳಿಗೆ ಬಿದ್ದ ಕಾಯಿ ಭರಣಿಗೆ ಬ್ಯಾಡ.” ನೆಲಕ್ಕೆ ಬಡಿದ ಕಾಯಿಗೆ ಒಳಗೆ ಪೆಟ್ಟಾಗಿರುತ್ತದೆ, ಹೊರಗೆ ಕಾಣುವುದಿಲ್ಲ. ಅಂಥದೊಂದು ಹೋಳು ಸಾಕು, ಆಷಾಢದ ಹೊತ್ತಿಗೆ ಇಡೀ ಭರಣಿ ಕೆಡುತ್ತದೆ. ಭರಣಿಗೆ ಕೈಯಿಂದ ಇಳಿಸಿದ ಕಾಯಿಯೇ ಆಗಬೇಕು. ಬಿದ್ದದ್ದನ್ನು ಅಂದಂದೇ ತುರಿದು ಬೆಲ್ಲ ಹಾಕಿ ಗುಳಂಬ ಮಾಡಬೇಕು, ಇಲ್ಲ ತೊಕ್ಕು. ಗಾಳಿಯ ರಾತ್ರಿ ನಮ್ಮ ಮನೆಯಲ್ಲಿ ಹನ್ನೆರಡರವರೆಗೆ ಒಲೆ ಉರಿಯುತ್ತಿತ್ತು.

ಅತ್ತೆ ತೀರಿಕೊಂಡದ್ದು 2011ರಲ್ಲಿ. ಆಮೇಲೆಯೂ ಹಿತ್ತಲು ಅವರ ಕಾಯಿದೆಯ ಹಾಗೆಯೇ ನಡೆಯಿತು. ನಾನು ಬರೀ ನೀರು ಹಾಕುವವಳು.

ಮೂರನೆಯ ದಿನ ಮಳೆ ಸ್ವಲ್ಪ ಹೊಳವಾದಾಗ ಕೆಲಗೇರಿಯಿಂದ ಗಿಡ ಕಡಿಯುವ ಕಾಕಾ ಬಂದರು. ಕೊಡಲಿ, ಎರಡು ಕಡೆ ಹಿಡಿಕೆಯ ದೊಡ್ಡ ಗರಗಸ, ಜೊತೆಗೆ ಮಗ. ಬಂದವರೇ ಕೆಲಸಕ್ಕೆ ಹತ್ತಲಿಲ್ಲ. ಎದ್ದು ನಿಂತಿದ್ದ ಬೇರಿನ ಹರಿವಾಣದ ಸುತ್ತ ಒಂದು ಸುತ್ತು ಹಾಕಿದರು. ಹರಿವಾಣ ಎಂದೇ ಹೇಳಬೇಕು. ಆಳ ಎರಡೂವರೆ ಫೂಟು ಇದ್ದರೆ ಹೆಚ್ಚು, ಅಗಲ ಮಾತ್ರ ಒಂದು ಕೋಣೆಯಷ್ಟು. ಮಾಳಮಡ್ಡಿ ಹೆಸರಿನಲ್ಲೇ ಮಡ್ಡಿ. ಮೇಲೆ ಮೊಣಕಾಲುದ್ದ ಮಣ್ಣು, ಕೆಳಗೆ ಗರಸು. ಆ ಗರಸಿಗೆ ಬಡಿದ ಬೇರು ಕೆಳಗಿಳಿಯಲಾರದೆ ಅಡ್ಡಡ್ಡ ಹರಿದಿತ್ತು.

“ಅಕ್ಕೋರ, ಇದನ್ನ ಗಾಳಿ ಕೆಡವಿಲ್ರಿ” ಎಂದರು ಕಾಕಾ. “ಇಲ್ಲೆ ಬರ್ರಿ. ಈ ಕಡೆ ನೋಡ್ರಿ, ಬೇರು ಹರಕೊಂಡು ಬಂದಾವು, ಹಸೀವು. ಈ ಕಡೆ ಬೇರ ಇಲ್ಲ. ಕಡದಾರ. ಕಡದು ಹತ್ತ ಹನ್ನೆರಡ ವರ್ಷ ಆಗಿರಬೇಕು.”

ನೋಡಿದೆ. ಮೂಡಣ ಕಡೆಗೆ ಬೇರುಗಳ ತುದಿ ನೀಟಾಗಿ, ಒಂದೇ ಗೆರೆಯಲ್ಲಿ ನಿಂತಿದ್ದವು. ತೊಡೆಗಾತ್ರದ ಎರಡು, ಕೈಗಾತ್ರದವು ಏಳೆಂಟು. ಕಡಿದ ಬಾಯಿ ಕಪ್ಪಾಗಿ, ಒಳಗೆ ಒತ್ತಿದರೆ ಬ್ರೆಡ್ಡಿನ ಹಾಗೆ ಮೆತ್ತಗೆ. ಆ ಗೆರೆಯಿಂದ ಒಂದು ಮಾರು ಆಚೆಗೆ ನಮ್ಮ ನೀರಿನ ಸಂಪು.

2007ರಲ್ಲಿ ಕಟ್ಟಿಸಿದ್ದು. ಆಗ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು. ಸವದತ್ತಿಯ ಮಲಪ್ರಭೆ ನಮ್ಮ ಓಣಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಿದ್ದಳು. ಕೊಡ, ಹಂಡೆ, ಡ್ರಮ್ಮು ತುಂಬಿಸಿ ಸಾಕಾಗಿ ಎಲ್ಲರೂ ಸಂಪು ಕಟ್ಟಿಸುತ್ತಿದ್ದ ಕಾಲ. ನಮ್ಮ ಮನೆಯವರು ನಿಂತು ತೋಡಿಸಿದರು. ಬೇರು ಅಡ್ಡ ಬಂದಾಗ ಗೌಂಡಿ ಕೇಳಿದ, ಇವರು ಕಡೀ ಎಂದರು. ಅತ್ತೆ ಆಗ ಇನ್ನೂ ಇದ್ದರು. ಏನೂ ಅನ್ನಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತ್ತು. ನಾಲ್ಕು ದಿನ ಸಂಜೆ ಗಿಡದ ಆ ಕಡೆಗೇ ಕುರ್ಚಿ ಹಾಕಿಸಿಕೊಂಡು ಕೂತರು. ಮುಂದಿನ ವರ್ಷ ಗಿಡ ಎಂದೂ ಇಲ್ಲದಷ್ಟು ಹೂ ಬಿಟ್ಟಿತು. ನೋಡಿದೆಯಾ, ಏನೂ ಆಗಿಲ್ಲ ಎಂದು ಇವರು ಬೀಗಿದರು. ಸಾಯುವ ಹೆದರಿಕೆಗೂ ಗಿಡ ಹೂ ಬಿಡುತ್ತದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿಗೆಂದು ರಸ್ತೆ ಅಗಲ ಮಾಡಿ ಸಾಲುಗಿಡ ಕಡಿದಾಗ ಊರಿಗೆಲ್ಲ ಕೇಳುವಂತೆ ಸಿಟ್ಟು ಮಾಡಿದವಳು ನಾನು. ನಮ್ಮ ಹಿತ್ತಲಲ್ಲಿ ಹನ್ನೆರಡು ವರ್ಷದ ಹಿಂದೆಯೇ ಕೊಡಲಿ ಬಿದ್ದಿತ್ತು, ಅದಕ್ಕೆ ಸಾಕ್ಷಿಯಾಗಿ ಚಹಾ ಮಾಡಿ ಕೊಟ್ಟವಳೂ ನಾನೇ.

ಕಾಕಾನ ಮಾತು ನಮ್ಮ ಮನೆಯವರಿಗೂ ಕೇಳಿಸಿತ್ತು. ಕಪ್ಪಾದ ಬೇರಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಪಂಪಿನ ಸ್ವಿಚ್ ಆರಿಸೇನೋ ಇಲ್ಲೋ” ಎನ್ನುತ್ತ ಒಳಗೆ ಹೋದರು. ಕರೆಂಟ್ ಹೋಗಿ ಮೂರು ದಿನವಾಗಿತ್ತು.

ಗರಗಸ ಇಳಿಯುವ ಮೊದಲು ಪಕ್ಕದ ಓಣಿಯ ಹಿರಿಯರೊಬ್ಬರು ಓಡುತ್ತ ಬಂದರು. ಕೃಷಿ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆ ಕಲಿಸಿ ನಿವೃತ್ತರಾದವರು. ವಿಶ್ವವಿದ್ಯಾಲಯ ಆದದ್ದು 1986ರಲ್ಲಿ, ಇವರು ಅದಕ್ಕೂ ಮೊದಲು ಎತ್ತಿನಗುಡ್ಡದ ಕೃಷಿ ಕಾಲೇಜಿನಲ್ಲೇ ಓದಿದವರು. “ಅಕ್ಕೋರ, ಕಡಿಸೂದು ಒಂದ ತಾಸು ನಿಲ್ಲಸ್ರಿ. ಗಿಡ ಇನ್ನೂ ಸತ್ತಿಲ್ಲ” ಎಂದರು. ಚೀಲದಿಂದ ಕಸಿಚಾಕು ತೆಗೆದು ಮಲಗಿದ್ದ ಗಿಡದ ತುದಿಯಿಂದ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರಿಸಿ ಆರಿಸಿ ಕತ್ತರಿಸಿದರು. ಎಲೆ ಚಿವುಟಿ, ತೊಟ್ಟು ಮಾತ್ರ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಆಮೇಲೆ ನೆಲದ ಮೇಲೆ ಹುಡುಕತೊಡಗಿದರು.

ಅವರು ಹುಡುಕಿದ್ದು ವಾಟೆಯ ಸಸಿಗಳನ್ನು. ಮೇ, ಜೂನಿನಲ್ಲಿ ಹಕ್ಕಿ, ಅಳಿಲು ತಿಂದು ಬಿಟ್ಟ ವಾಟೆಗಳು ಮಳೆಗೆ ಮೊಳೆತು ಗಿಡದ ಬುಡದಲ್ಲಿ ಗೇಣುದ್ದ ಎದ್ದಿರುತ್ತವೆ. ಎಲೆ ಇನ್ನೂ ಹಸಿರಾಗಿರುವುದಿಲ್ಲ, ತಾಮ್ರದ ಬಣ್ಣ. ಪ್ರತಿ ವರ್ಷ ಅವನ್ನು ಕಸವೆಂದು ಕಿತ್ತು ಎಸೆಯುತ್ತಿದ್ದೆ. ಅಂಥ ಆರು ಸಸಿಗಳನ್ನು ವಾಟೆ ಸಹಿತ ಎಬ್ಬಿಸಿ, ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಬೆಣೆಯ ಹಾಗೆ ಕೆತ್ತಿದ ಆಪೂಸಿನ ಕಡ್ಡಿಯನ್ನು ಅದರಲ್ಲಿ ಕೂರಿಸಿದರು. ಸುತ್ತ ಪ್ಲಾಸ್ಟಿಕ್ ಪಟ್ಟಿ. ಮೇಲೆ ಟೊಪ್ಪಿಗೆಯಾಗಿ ಮಕ್ಕಳು ಚೀಪುವ ಪೆಪ್ಸಿ ಐಸಿನ ಉದ್ದ ಪ್ಲಾಸ್ಟಿಕ್ ಕೊಳವೆ, ಒಳಗಿನ ತೇವ ಹೋಗಬಾರದೆಂದು. ಅದನ್ನು ತರಲು ಕಾಕಾನ ಮಗನನ್ನು ಅಂಗಡಿಗೆ ಓಡಿಸಿದ್ದರು. ಅವನು ಐಸು ತಿಂದು ಕೊಳವೆ ತಂದ.

“ಮೊದಲ ಎಂಟ ಹತ್ತ ದಿವಸ ಕಡ್ಡಿ ಎಲಿ ತಗದು ತಯಾರ ಮಾಡಬೇಕಾಗಿತ್ತು. ಅದಕ್ಕ ಟೈಮ್ ಇಲ್ಲ. ಆರರಾಗ ಎರಡು ಹಿಡದರ ನಮ್ಮ ಪುಣ್ಯ” ಎಂದರು.

ಕೈ ತೊಳೆಯುತ್ತ ಅವರು ಹೇಳಿದ ಮಾತು ಇನ್ನೂ ತಲೆಯಲ್ಲಿದೆ. ಆಪೂಸು ಎಂಬ ಹೆಸರು ಪೋರ್ಚುಗೀಜರ ಅಫೊನ್ಸೊ ದೆ ಅಲ್ಬುಕರ್ಕ್‌ನಿಂದ ಬಂದದ್ದು, ಗೋವೆಯಿಂದ ಘಟ್ಟ ಹತ್ತಿ ನಮ್ಮ ಕಡೆ ಬಂತು, ಇದು ಎಲ್ಲರಿಗೂ ಗೊತ್ತು. ಆದರೆ ಆಪೂಸಿನ ವಾಟೆ ನೆಟ್ಟರೆ ಆಪೂಸು ಹುಟ್ಟುವುದಿಲ್ಲ. ಕಸಿಯಿಂದಲೇ ಬರಬೇಕು. ಅಂದರೆ ಎಲ್ಲೆಲ್ಲೂ ಇರುವ ಆಪೂಸುಗಳೆಲ್ಲ ಯಾವುದೋ ಒಂದು ಮೂಲ ಗಿಡದ ತುಂಡುಗಳೇ. ನಮ್ಮ ಹಿತ್ತಲ ಈ ಸಸಿಯಲ್ಲಿ ಇನ್ನೂ ಒಂದು ತಮಾಷೆ ಇತ್ತು. ಮೇಲಿನ ಕಡ್ಡಿ ಬಿದ್ದ ಗಿಡದ್ದು, ಕೆಳಗಿನ ಬೇರು ಅದೇ ಗಿಡದ ವಾಟೆಯಿಂದ ಹುಟ್ಟಿದ್ದು. ತಲೆ ತಾಯಿಯದು, ಕಾಲು ಮಗಳದು.

ಆಮೇಲೆ ಕೊಡಲಿ ಬಿತ್ತು. ಎರಡು ದಿನದ ಕೆಲಸ. ಕಟ್ಟಿಗೆ ಯಾರು ಯಾರೋ ಒಯ್ದರು, ಅದರ ಬಗ್ಗೆ ಬರೆಯುವ ಮನಸ್ಸಿಲ್ಲ.

ಉಳಿಸಬಹುದಾದ್ದನ್ನು ಉಳಿಸಿದೆವು. ನಿಂಬೆ ಗಿಡದ ಟೊಂಗೆ ಮೂರರಲ್ಲೊಂದು ಪಾಲು ಕತ್ತರಿಸಿ, ಬೇರು ಒಣಗದಂತೆ ಒದ್ದೆ ಗೋಣಿ ಹೊದಿಸಿ, ಸಾವಕಾಶ ಎತ್ತಿ ನಿಲ್ಲಿಸಿದೆವು. ಮೂರು ಕಡೆ ಬಿದಿರು ಊರಿ ಸೈಕಲ್ಲಿನ ಹಳೆ ಟ್ಯೂಬು ಕತ್ತರಿಸಿ ಕಟ್ಟಿದ್ದು. ಹಗ್ಗ ತೊಗಟೆ ಕಡಿಯುತ್ತದೆ, ಟ್ಯೂಬು ಗಾಳಿಗೆ ತುಸು ಓಲಾಡಲು ಬಿಡುತ್ತದೆ. ಪೇರಲದ ಮೋಟನ್ನೂ ಸೀಳಿದ ಪಾರಿಜಾತವನ್ನೂ ನೀಟಾಗಿ ಕೊಯ್ದು ಬೋರ್ಡೋ ಮುಲಾಮು ಹಚ್ಚಿದೆ. ನೂರು ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, ನೂರು ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಬಕೀಟಿನಲ್ಲಿ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಕೂಡಿದ ಕೂಡಲೇ ಅದಕ್ಕೆ ಬರುವ ನೀಲಿ ಎಂಥ ನೀಲಿ! ಆ ಬಣ್ಣದ ಇಳಕಲ್ ಸೀರೆಯೊಂದು ನನ್ನ ಬಳಿ ಇದೆ. ಹಚ್ಚುವ ಮೊದಲು ಹೊಳೆಯುವ ಚಾಕು ಒಂದು ನಿಮಿಷ ಅದ್ದಿ ತೆಗೆಯಬೇಕು. ಚಾಕಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ನನ್ನ ಚಾಕಿಗೆ ಕೂತಿತ್ತು. ಎರಡು ಚಮಚ ಸುಣ್ಣ ಸೇರಿಸಿ ಮತ್ತೆ ಅದ್ದಿದೆ. ಈ ಸಲ ಚಾಕು ಬೆಳ್ಳಗೆ ಬಂತು.

ಸೆಪ್ಟೆಂಬರ್ 2ಕ್ಕೆ ಗಣೇಶ ಚೌತಿ. ಮಾವಿನ ತೋರಣಕ್ಕೆ ಓಣಿಯೆಲ್ಲ ನಮ್ಮಲ್ಲಿಗೆ ಬರುತ್ತಿತ್ತು. ಆ ಸಲ ನಾನೇ ಸುಭಾಸ ರಸ್ತೆಗೆ ಹೋಗಿ ದುಡ್ಡು ಕೊಟ್ಟು ಮಾವಿನ ಸೊಪ್ಪು ತಂದೆ. ಮಾರುವವಳು ಎರಡು ಟೊಂಗೆ ಕೊಸರು ಹಾಕಿದಳು.

ಮಳೆ ಹಿಂದಾದ ಮೇಲೆ ನಾನು ಮಾಡಿದ ಕೆಲಸ ಈಗ ಹೇಳಲು ನಗೆ ಬರುತ್ತದೆ. ಅತ್ತೆಯ ಹಿತ್ತಲನ್ನು ಅದಿದ್ದ ಹಾಗೆಯೇ ಮತ್ತೆ ಹೂಡಿದೆ. ಒಂದು ಹಾಳೆಯ ಮೇಲೆ ನಕ್ಷೆ ಬರೆದುಕೊಂಡೆ, ಭೂಗೋಳ ಕಲಿಸಿದವಳಲ್ಲವೇ. ಎಲೆಬಳ್ಳಿ ಇದ್ದಲ್ಲಿ ಎಲೆಬಳ್ಳಿ, ಏರಿಸಲು ಮಾವಿನ ಕಾಂಡದ ಬದಲು ಬಿದಿರು. ಅಬ್ಬಲಿಗೆಯ ಮಡಿ ಅದೇ ಜಾಗದಲ್ಲಿ, ದೊಡ್ಡಪತ್ರೆ, ಜರಿಗಿಡ, ಅರಿಶಿನ ಎಲ್ಲ ಅದೇ ಸಾಲಿನಲ್ಲಿ. ದುಂಡು ಮಲ್ಲಿಗೆ ಮಾತ್ರ ಬಿದ್ದ ಗಿಡದಡಿಯಿಂದ ಹೇಗೋ ಬದುಕಿ ಬಂದಿತ್ತು, ಅದನ್ನು ಅಲ್ಲೇ ಬಿಟ್ಟೆ. ಚಳಿಗಾಲದಲ್ಲಿ ಎಲ್ಲವೂ ಚಿಗುರಿದವು. ಬಂದು ನೋಡಿದವರು, “ಅತ್ತಿಯವರ ಹಿತ್ತಲ ಹಂಗ ಮಾಡೀರಿ” ಎಂದರು. ಹಿಗ್ಗಿದೆ.

ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ಎಲೆಬಳ್ಳಿ ಮೊದಲು ಹಳದಿಯಾಯಿತು, ಆಮೇಲೆ ಅಂಚಿನಿಂದ ಒಳಗೆ ಸುಡುತ್ತ ಬಂದು ಸುಟ್ಟ ಹಪ್ಪಳದಂತಾಯಿತು. ಮುಟ್ಟಿದರೆ ಪುಡಿ. ಜರಿಗಿಡ ಒಂದು ವಾರವೂ ತಡೆಯಲಿಲ್ಲ. ದಿನಕ್ಕೆರಡು ಹೊತ್ತು ನೀರು ಹಾಕಿದೆ, ಮೂರು ಹೊತ್ತು ಹಾಕಿದೆ. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ನರ್ಸರಿ ಇಲ್ಲ, ಗೊಬ್ಬರ ಇಲ್ಲ, ಕೇಳಲು ಹಿರಿಯರ ಮನೆಗೆ ಹೋಗುವಂತಿಲ್ಲ. ಫೋನಿನಲ್ಲಿ ಹೇಳಿಕೊಂಡೆ. ಅವರು ನಕ್ಕುಬಿಟ್ಟರು.

“ಅಕ್ಕೋರ, ನೀವು ಗಿಡ ಎಲ್ಲ ತಿರುಗಿ ಹಚ್ಚೀರಿ. ನೆರಳು ಎಲ್ಲಿ ಹಚ್ಚೀರಿ?”

ಆ ಏಪ್ರಿಲ್ ತಿಂಗಳು ನಾನು ರಂಗೋಲಿಯ ಡಬ್ಬಿ ಹಿಡಿದು ಹಿತ್ತಲಲ್ಲಿ ನಿಂತೆ. ಎಂಟು ಗಂಟೆಗೆ ಮನೆಯ ನೆರಳು ಎಲ್ಲಿವರೆಗೆ ಬರುತ್ತದೋ ಅಲ್ಲೊಂದು ಗೆರೆ. ಹತ್ತಕ್ಕೊಂದು, ಹನ್ನೆರಡಕ್ಕೊಂದು, ಎರಡಕ್ಕೊಂದು, ನಾಲ್ಕಕ್ಕೊಂದು. ಧಾರವಾಡ ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮೇ ತಿಂಗಳ ಮೊದಲಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಎಂದು ಎಷ್ಟೋ ವರ್ಷ ಹಲಗೆಯ ಮೇಲೆ ಬರೆದು ತೋರಿಸಿದ್ದೆ. ನನ್ನ ಹಿತ್ತಲಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ನಡುಹಗಲು ಹನ್ನೆರಡೂವರೆ ಸುಮಾರಿಗೆ ಬಟ್ಟೆ ಒಣಹಾಕುವ ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿತು. ಇಡೀ ಹಿತ್ತಲಲ್ಲಿ ಒಂದು ಕೋಳಿ ನಿಲ್ಲುವಷ್ಟು ನೆರಳು ಉಳಿಯಲಿಲ್ಲ. ನಮ್ಮ ಮನೆಯವರು ಕಿಟಕಿಯಿಂದ, “ಯಾವ ಹಬ್ಬ ಇವತ್ತು?” ಎಂದು ಕೇಳಿದರು. ಮಾಸ್ಕು ಹಾಕಿಕೊಂಡು ಕಂಪೌಂಡಿನಾಚೆ ನಿಂತ ಪಕ್ಕದ ಮನೆಯವರಿಗೂ ಅದೇ ಸಂಶಯ.

ಹಾಗೆ ನಿಂತಾಗಲೇ ಮಲ್ಲಿಗೆ ಕಂಡದ್ದು. ಅತ್ತೆಯ ಕಾಲದಲ್ಲಿ ಆ ಬಳ್ಳಿ ದಿನಕ್ಕೆ ಎಂಟು ಮೊಗ್ಗು ಕೊಟ್ಟರೆ ದೊಡ್ಡದು. ತಪ್ಪು ನನ್ನ ಮೇಲಿತ್ತು: ಸೊಸೆ ತಪ್ಪು ಗಣ್ಣಿಗೆ ಕತ್ತರಿಸುತ್ತಾಳೆ, ಅದಕ್ಕೇ ಹೂ ಬಿಡುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಅದೇ ಬಳ್ಳಿ, ಅದೇ ಸೊಸೆಯ ಅದೇ ಕತ್ತರಿ, ಬುಟ್ಟಿ ತುಂಬ ಮೊಗ್ಗು! ಮಲ್ಲಿಗೆಗೆ ಬೇಕಾದದ್ದು ಬಿಸಿಲು. ಇಪ್ಪತ್ತೇಳು ವರ್ಷ ಕೇಳಿದ ಮಾತಿಗೆ ಉತ್ತರ ಸಿಕ್ಕಿತು, ಕೇಳಿಸಿಕೊಳ್ಳುವವರು ಇರಲಿಲ್ಲ. ಗುಡಿ, ಪ್ಯಾಟೆ ಎಲ್ಲ ಮುಚ್ಚಿದ್ದ ಕಾಲ, ಅಷ್ಟು ಹೂವನ್ನು ಯಾರಿಗೆ ಕೊಡುವುದು? ದಂಡೆ ಕಟ್ಟಿ ಓಣಿಯ ಗೇಟುಗಳಿಗೆ ತೂಗುಹಾಕಿ ಬಂದೆ.

ಜೂನಿನಲ್ಲಿ ಹೊಸದಾಗಿ ಗುಂಡಿ ತೋಡಲು ಶುರು ಮಾಡಿದೆ. ಕಸಿ ಮಾಡಿದ ಆರರಲ್ಲಿ ಎರಡು ಹಿಡಿದಿದ್ದವು, ಅದರಲ್ಲಿ ಒಂದು ಬೇಸಿಗೆಗೆ ಹೋಯಿತು. ಉಳಿದ ಒಂದನ್ನು ಕುಂಡದಲ್ಲೇ ಇನ್ನೊಂದು ವರ್ಷ ಸಾಕಬೇಕೆಂದು ಹಿರಿಯರ ಅಪ್ಪಣೆ. ಆದರೆ ಗುಂಡಿ ಈಗಲೇ ಆಗಲಿ ಎಂದರು. ಮೂರು ಫೂಟು ಉದ್ದ, ಮೂರು ಅಗಲ, ಮೂರು ಆಳ. ಮೊದಲ ಎರಡು ಫೂಟು ಸಲಿಕೆಗೇ ಬಂತು. ಆಮೇಲೆ ಗರಸು. ಪಿಕಾಸಿ ಬಡಿದರೆ ಕಿಡಿ ಹಾರುತ್ತಿತ್ತು.

ಆ ಎರಡು ಫೂಟು ಮಣ್ಣನ್ನು ನಾನು ಅಂದೇ ಸರಿಯಾಗಿ ನೋಡಿದ್ದು. ಮಾಳಮಡ್ಡಿಯ ಮಣ್ಣು ಕೆಂಪು, ಮಸಾರಿ. ನಮ್ಮ ಹಿತ್ತಲಿನದು ಕಪ್ಪು, ಕೈಯಲ್ಲಿ ಹಿಡಿದರೆ ಉಂಡಿ ಕಟ್ಟುವಂಥದು. ನಡುನಡುವೆ ಬೂದಿಯ ಪದರ, ತೆಂಗಿನ ಚಿಪ್ಪಿನ ಚೂರು, ಬಳೆಯ ಒಡಕು, ಕಂದು ಬಣ್ಣದ ಭರಣಿಯ ಕಂಠದ ತುಂಡೊಂದು. ಕಂಪೌಂಡಿನ ಆಚೆ ಅಗೆದು ನೋಡಿದೆ, ಅಲ್ಲಿ ಗೇಣು ಕೆಂಪು ಮಣ್ಣು, ಕೆಳಗೆ ನೇರ ಗರಸು. ಅತ್ತೆಯ ಟ್ರಂಕಿನಲ್ಲಿ ಜಮಾಖರ್ಚಿನ ವಹಿಗಳಿದ್ದವು. ಗಿಡ ಯಾವಾಗ ಹಚ್ಚಿದರೆಂದು ನೋಡಲು ತೆಗೆದೆ. 1966ರ ವಹಿಯಲ್ಲಿ ಸಿಕ್ಕಿತು. ಗಿಡದ ಲೆಕ್ಕ ಒಂದೇ ಸಾಲು: ‘ಆಪೂಸ ಸಸಿ 1’. ಅದರ ಮೇಲೆ ಮೂರು ಪುಟ ಮಣ್ಣಿನ ಲೆಕ್ಕ. ‘ಕೆರಿ ಮಣ್ಣು, ಗಾಡಿ 2’. ‘ಕೆರಿ ಮಣ್ಣು, ಗಾಡಿ 1, ಎತ್ತು ಕುಂಟಿತು’. ‘ಸಗಣಿ ಗೊಬ್ಬರ, ಗಾಡಿ 1’. ಕೂಡಿಸಿದರೆ ಕೆರೆಯ ಹೂಳೇ ಹದಿನೇಳು ಗಾಡಿ. ಮಡ್ಡಿಯ ಮೇಲೆ ಹೊಲದಂಥ ಮಣ್ಣು ಹಾಸಿ, ಆಮೇಲೆ ಒಂದು ಸಸಿ ತಂದಿದ್ದರು. ಆ ಕೈಬರಹ ಗುಂಡಗೆ, ಒತ್ತಿ ಬರೆದದ್ದು, ಹಾಳೆಯ ಹಿಂದೆ ಬೆರಳಾಡಿಸಿದರೆ ಇನ್ನೂ ಹತ್ತುತ್ತದೆ.

ನಕ್ಷೆಯ ಹಾಳೆಯನ್ನು ಹರಿಯಲಿಲ್ಲ, ಆದರೆ ಅದನ್ನು ನೋಡುವುದು ಬಿಟ್ಟೆ. ಬಿಸಿಲಿದ್ದಲ್ಲಿ ಬಿಸಿಲಿನದು. ಮೆಣಸಿನಕಾಯಿ, ಮುಳಗಾಯಿ, ಸವತಿ. ಪುಂಡಿಪಲ್ಯ, ಕಿರಕಸಾಲಿ, ಮೆಂತೆ ಒಂದೊಂದು ಮಡಿ. ಹೀರೆಯ ಬಳ್ಳಿಯನ್ನು ಬಿದಿರಿಗೇ ಏರಿಸಿದೆ, ಎಲೆಬಳ್ಳಿ ಸುಟ್ಟ ಬಿದಿರು ಖಾಲಿ ನಿಂತಿತ್ತಲ್ಲ. ನುಗ್ಗೆಯ ಐದು ಫೂಟಿನ ಕೊಂಬೆಯೊಂದನ್ನು ಪಕ್ಕದ ಮನೆಯವರು ಗೋಡೆಯ ಮೇಲಿಂದ ಕೊಟ್ಟರು. ಊರಿದ ಮೂರನೇ ವಾರಕ್ಕೆ ಚಿಗುರಿತು. ಪೇರಲದ ಮೋಟಿನಿಂದ ಹದಿನಾಲ್ಕು ಚಿಗುರು ಎದ್ದಿದ್ದವು, ಮೂರನ್ನು ಬಿಟ್ಟು ಉಳಿದದ್ದನ್ನು ತೆಗೆದೆ. ಪಾರಿಜಾತ ಬದುಕಲಿಲ್ಲ. ಮುಲಾಮು ಹಚ್ಚಿದ ಜಾಗ ಕೊನೆಯವರೆಗೆ ನೀಲಿಯಾಗಿಯೇ ಇತ್ತು.

ಮಾವಿನ ಸಸಿಯನ್ನು ನೆಲಕ್ಕಿಟ್ಟದ್ದು 2021ರ ಮೃಗಶಿರಾ ಮಳೆಗೆ. ಹಳೆಯ ಜಾಗದಲ್ಲಲ್ಲ, ಸಂಪಿನಿಂದ ದೂರ, ಪಡುವಣ ಮೂಲೆಯಲ್ಲಿ. ಗುಂಡಿಗೆ ಅತ್ತೆಯ ಮಣ್ಣು ಒಂಬತ್ತು ಬುಟ್ಟಿ. ಕಸಿಯ ಗಂಟು ನೆಲದಿಂದ ಗೇಣು ಮೇಲೆ ಇರುವಂತೆ ಹಿಡಿದು ನಿಂತವರು ನಮ್ಮ ಮನೆಯವರು. ಮೊದಲ ಮೂರು ವರ್ಷ ಹೂ ಬಿಟ್ಟರೆ ಚಿವುಟಬೇಕು, ಇಲ್ಲದಿದ್ದರೆ ಗಿಡ ಬಲಿಯುವುದಿಲ್ಲ. ಚಿವುಟುವ ಕೆಲಸ ಅವರಿಂದ ಆಗಲಿಲ್ಲ, ನಾನೇ ಮಾಡಿದೆ. ಸಂಪಿನ ಮಾತು ನಾವಿಬ್ಬರೂ ಇವತ್ತಿನವರೆಗೆ ಎತ್ತಿಲ್ಲ. ಆದರೆ ಆ ವರ್ಷ ಓಣಿಯಲ್ಲಿ ಪೈಪಿಗೆಂದು ಹುಡುಗರು ನಮ್ಮ ಗೇಟಿನ ಹತ್ತಿರ ಗುರುತು ಹಾಕಿದಾಗ ಇವರು ಚಪ್ಪಲಿಯೂ ಇಲ್ಲದೆ ಹೊರಗೆ ಹೋಗಿ ಅರ್ಧ ತಾಸು ವಾದ ಮಾಡಿ ಗುರುತನ್ನು ನಾಲ್ಕು ಫೂಟು ಆಚೆ ಸರಿಸಿದರು.

2025ರಲ್ಲಿ ಮೊದಲ ಸಲ ಕಾಯಿ ಬಿಟ್ಟೆವು. ಹೂ ಬಹಳ ಇತ್ತು, ನಿಂತದ್ದು ಹನ್ನೊಂದು. ಹಲ್ಲುಜ್ಜುತ್ತ ದಿನಾ ಬೆಳಿಗ್ಗೆ ಎಣಿಸಿ ಬರುವುದು ಇವರ ಕೆಲಸ. ಪುಣೆಯಿಂದ ಮಗಳು ಫೋನ್ ಮಾಡಿದರೆ ಮೊದಲು ಅದರದೇ ವರದಿ.

ಮೇ ಮೊದಲ ವಾರದ ಒಂದು ಸಂಜೆ ಮೋಡ ಪಡುವಣಕ್ಕೆ ಕಟ್ಟಿತು. ಭರಣಿ ಮಳೆ ನಡೆದಿತ್ತು. ಹತ್ತೂವರೆಗೆ ಗಾಳಿ ಎದ್ದಿತು, ಕರೆಂಟ್ ಹೋಯಿತು, ಹಂಚಿನ ಮೇಲೆ ಒಂದೆರಡು ಆಣೆಕಲ್ಲು ಬಡಿದ ಸದ್ದೂ ಆಯಿತು. ಇವರು ಬ್ಯಾಟರಿ ಹುಡುಕಿ ಹೊರಟೇಬಿಟ್ಟರು. ಎಪ್ಪತ್ತರ ಹತ್ತಿರ ಬಂದ ಮನುಷ್ಯ. ಛತ್ರಿ ತಗೊಳ್ರಿ ಎಂದರೆ ಕೇಳಿಸಿಕೊಳ್ಳಲಿಲ್ಲ. ಕಿಟಕಿಯಿಂದ ನೋಡಿದೆ. ಬ್ಯಾಟರಿಯ ಬೆಳಕು ಮೂಲೆಗೆ ಹೋಗಿ, ಮೇಲೆ ಕೆಳಗೆ ಆಡಿ, ನೆಲದ ಮೇಲೆ ಬಹಳ ಹೊತ್ತು ಹುಡುಕಿತು.

ತೊಯ್ದು ತೊಪ್ಪೆಯಾಗಿ ಬಂದರು. ಬನಿಯನ್ನಿನ ಅಂಚು ಜೋಳಿಗೆ ಮಾಡಿ ಹಿಡಿದಿದ್ದರು. ಕಟ್ಟೆಯ ಮೇಲೆ ಎರಡು ಕಾಯಿ ಇಟ್ಟರು.

“ಒಂಬತ್ತು ಅದಾವ” ಎಂದರು.

ಮೇಣಬತ್ತಿಯ ಬೆಳಕಿಗೆ ಹಿಡಿದು ನೋಡಿದೆ. ಒಂದರ ತೊಟ್ಟಿನಿಂದ ಸೊನೆ ಇಳಿಯುತ್ತಿತ್ತು. ಹೊರಗೆ ಎಲ್ಲೂ ಪೆಟ್ಟಿನ ಗುರುತಿಲ್ಲ. ತುರಿಯುವ ಮಣೆ ತೆಗೆದೆ.

“ರಾತ್ರಿ ಹನ್ನೊಂದಕ್ಕ ಏನ ಮಾಡ್ತೀ?”

“ಮೊದಲ ತಲಿ ಒರಸ್ಕೊಳ್ರಿ” ಎಂದೆ. “ಆಮ್ಯಾಲೆ ಆ ಬೆಲ್ಲದ ಡಬ್ಬಿ ಇಳಿಸಿ ಕೊಡ್ರಿ.”